ಪೆಲ್‌ಬರಿಯ ಗಡಿಗೆ ಓಟು

ಪೆಲ್‌ಬರಿಯಿಂದ ಆರಿಸಿಹೋದ ಪಾರ್ಲಿಮೆಂಟ್ ಸದಸ್ಯರು ಲಂಡನ್ನಿನಲ್ಲಿ ಕೆಮ್ಮಿದರೆ ಪೆಲ್‌ಬರಿಯಲ್ಲಿ ಹೊಸ ಒಲೆಗಳು ಏಳುತ್ತಿದ್ದವು. ಆ ವರ್ಷ ಕುಯ್ಲು ಮುಗಿಯುವ ಹೊತ್ತಿಗೆ ಮುದುಕ ಸದಸ್ಯರು ಬರೀ ಕೆಮ್ಮುತ್ತಿಲ್ಲ, ಹಾಸಿಗೆಯನ್ನೇ ಹಿಡಿದಿದ್ದಾರೆ ಎಂದು ಸುದ್ದಿ ಬಂತು. ಮಾರನೆಯ ದಿನದಿಂದ ಊರಿನಲ್ಲಿ ಇಟ್ಟಿಗೆ ಸಿಗುವುದೇ ಕಷ್ಟವಾಯಿತು.

ಬೇರೆ ಊರುಗಳಲ್ಲಿ ಓಟು ಹಾಕಬೇಕಾದರೆ ಜಮೀನು ಬೇಕು, ಇಲ್ಲ ಅಪ್ಪನ ಹೆಸರು ಬೇಕು. ಪೆಲ್‌ಬರಿಯಲ್ಲಿ ಗಡಿಗೆ ಸಾಕು. ಸ್ವಂತ ಒಲೆ, ಅದರ ಮೇಲೆ ಸ್ವಂತ ಗಡಿಗೆ, ಗಡಿಗೆಯಲ್ಲಿ ಸ್ವಂತ ಊಟ. ಇಷ್ಟಿದ್ದು, ಆರು ತಿಂಗಳಿನಿಂದ ಯಾರ ಭಿಕ್ಷೆಗೂ ಕೈಚಾಚದ ಗಂಡಸು ಪೂರಾ ಮತದಾರ. ಹಿಂದೆ ಯಾವುದೋ ಕಾಲದಲ್ಲಿ ಯಾವನೋ ರಾಜ, ನಿಮ್ಮೂರಿನಿಂದ ಒಬ್ಬರನ್ನು ನನ್ನ ಸಭೆಗೆ ಕಳಿಸಿ ಎಂದು ಆಜ್ಞೆ ಮಾಡಿದಾಗ ಪೆಲ್‌ಬರಿಯವರು ಬೇಡವೇ ಬೇಡ ಎಂದು ಅತ್ತಿದ್ದರಂತೆ. ಹೋಗಿಬರುವವರಿಗೆ ಊರೇ ಊಟ ಹಾಕಬೇಕಲ್ಲ! ಕಾಲ ಕಳೆದಂತೆ, ಹೋಗುವವರೇ ಊರಿಗೆ ಊಟ ಹಾಕತೊಡಗಿದರು. ಆಗ ಪೆಲ್‌ಬರಿಯವರಿಗೆ ಪ್ರಜೆಗಳ ಹಕ್ಕಿನ ಮೇಲೆ ಎಲ್ಲಿಲ್ಲದ ಭಕ್ತಿ ಹುಟ್ಟಿತು.

ಗಡಿಗೆ ಗಂಡಸಿನದು ಎಂದು ಕಾನೂನು ಹೇಳುತ್ತಿತ್ತು. ಅದನ್ನು ಬರೆದವರು ಅಡುಗೆಮನೆಯ ಬಾಗಿಲನ್ನೂ ಕಂಡವರಲ್ಲ ಎಂಬುದು ತಮ್ಸಿನ್ ಪಡಿಕೂಂಬ್ ಎಂಬವಳ ಅಭಿಪ್ರಾಯ. ಅವಳ ಗಂಡ ಏಮಸ್ ಮನೆಗಳಿಗೆ ಹುಲ್ಲಿನ ಮಾಡು ಹೊದಿಸುವವನು, ಬಹಳ ವರ್ಷದ ಮತದಾರ, ಒಳ್ಳೆಯವನು. ಆದರೆ ನೀರು ಕಾದಿದೆಯೋ ಇಲ್ಲವೋ ಎಂದು ಬೆರಳು ಅದ್ದಿ ನೋಡುವ ಪೈಕಿ.

ಒಲೆ ಏಳಿಸಿದವರಲ್ಲಿ ತಮ್ಸಿನ್‌ಳ ಅಳಿಯ ರೂಬೆನ್ ಕೂಡ ಒಬ್ಬ. ಮಗಳು ಲವ್‌ಡೇಯನ್ನು ಮದುವೆಯಾಗಿ, ಬೇರೆ ಮನೆ ಸಿಗದೆ ಅತ್ತೆಯ ಮನೆಯ ಹಿಂದಿನ ಕೋಣೆಯಲ್ಲೇ ಬಿಡಾರ ಹೂಡಿದ್ದ. ಹುಡುಗ ಮೈಗಳ್ಳನಲ್ಲ, ಕುಡುಕನಲ್ಲ. ಆದರೆ ಆರಡಿ ಮೇಲೆ ಬೆಳೆದ ಆಳು, ತಮ್ಸಿನ್‌ಳ ಅಡುಗೆಮನೆಯಲ್ಲಿ ಎಲ್ಲಿ ನಿಂತರೂ ಅಡ್ಡವೇ. ತೊಲೆಗೆ ತಲೆ ಬಡಿದುಕೊಂಡು, "ಏನಾಗಿಲ್ಲ ಅತ್ತೆ" ಎನ್ನುತ್ತಿದ್ದ. ಅವಳು ಕೇಳುತ್ತಿದ್ದದ್ದು ತೊಲೆಗೆ ಏನಾಯಿತು ಅಂತ.

ಮುದುಕ ಸದಸ್ಯರು ಚಳಿಗಾಲವೆಲ್ಲ ಎಳೆದು ಮಾರ್ಚ್ ತಿಂಗಳಲ್ಲಿ ತೀರಿಕೊಂಡರು. ಆ ಜಾಗಕ್ಕೆ ಇಬ್ಬರು ನಿಂತರು. ನೀಲಿ ಪಟ್ಟಿಯ ಸರ್ ಲಯನೆಲ್, ಹಳದಿ ಪಟ್ಟಿಯ ಕ್ಯಾಪ್ಟನ್ ಹಸೆಲ್. ಇಬ್ಬರ ಅಭಿಪ್ರಾಯಗಳೇನೆಂದು ಊರಿನಲ್ಲಿ ಯಾರೂ ಕೇಳಲಿಲ್ಲ. ಸೇಬಿನ ಮದ್ಯ ಯಾರ ಪೀಪಾಯಿಯದ್ದು ಗಟ್ಟಿ ಎಂದಷ್ಟೇ ವಿಚಾರಿಸಿದರು. ನೀಲಿಯವರ ಏಜೆಂಟ್ ಒಂದು ಸಂಜೆ ಬಂದು ರೂಬೆನ್‌ನ ಭುಜ ತಟ್ಟಿ ಹೇಳಿದ: "ನಿನ್ನ ಓಟು ನಮಗೆ ಬಿದ್ದರೆ, ಎಕ್ಸಿಟರ್ ರಸ್ತೆಯ ಸುಂಕದಕಟ್ಟೆ ನಿನಗೆ. ಗೇಟು ತೆಗೆಯೋದು, ಹಾಕೋದು. ಮನೆ ಸಮೇತ."

ಮನೆ ಸಮೇತ! ಲವ್‌ಡೇಗೆ ಆಗ ಏಳು ತಿಂಗಳು ತುಂಬಿತ್ತು. ಸುಂಕದಕಟ್ಟೆಯ ಮನೆಗೆ ಎರಡು ಕೋಣೆ, ಒಂದು ಬಾವಿ, ರಸ್ತೆ ಕಡೆಗೆ ಕಿಟಕಿ. ಅಂದಿನಿಂದ ಅವಳು ಮಲಗಿದರೂ ಎದ್ದರೂ ಆ ಕಿಟಕಿಗೆ ಪರದೆ ಹೊಲಿಯುವ ಮಾತೇ. ತಮ್ಸಿನ್‌ಗೂ ಆ ಮನೆ ಬೇಕಿತ್ತು. ಮಗಳ ಕೂಸು ಸೋರುವ ಹಿಂದಿನ ಕೋಣೆಯಲ್ಲಿ ಹುಟ್ಟುವುದು ಬೇಡ. ಜೊತೆಗೆ, ತನ್ನ ತೊಲೆಯ ಕೆಳಗೆ ತಾನೊಬ್ಬಳೇ ಓಡಾಡಿ ಎಷ್ಟು ಕಾಲವಾಯಿತು!

ತೊಂದರೆ ಒಂದೇ. ರೂಬೆನ್‌ಗೆ ಒಲೆ ಇತ್ತು, ಗಡಿಗೆ ಇತ್ತು; ಆ ಗಡಿಗೆ ಕುದಿದದ್ದು ಮಾತ್ರ ಅಪರೂಪ. ಲವ್‌ಡೇ ಒಲೆ ಹಚ್ಚಲು ಬಗ್ಗಿದಾಗಲೆಲ್ಲ ತಮ್ಸಿನ್, "ಆ ಹೊಟ್ಟೆ ಹೊತ್ಕೊಂಡು ಹೊಗೆ ಕುಡೀಬೇಡ, ನಂದೇ ತಗೊಂಡು ಹೋಗು" ಎಂದು ತನ್ನ ಗಡಿಗೆಯಿಂದಲೇ ಎರಡು ತಟ್ಟೆ ಬಡಿಸಿ ಕಳಿಸುತ್ತಿದ್ದಳು. ಹೀಗಾಗಿ ಮಗಳಿಗೆ ಅಡುಗೆ ಬರಲಿಲ್ಲ. ಬರಲಿಲ್ಲ ಅಂತಲೇ ತಾಯಿ ಕಳಿಸುತ್ತಿದ್ದಳು. ಯಾವುದು ಮೊದಲು ಎಂದು ಯಾರೂ ಯೋಚಿಸಿರಲಿಲ್ಲ.

ಚುನಾವಣೆಯ ಮುಂಚೆ ಗಡಿಗೆ ತಪಾಸಣೆ. ಅದು ಪೆಲ್‌ಬರಿಯ ಹಳೆಯ ಪದ್ಧತಿ. ಅನುಮಾನಕ್ಕೆ ಎಡೆಯಾಗಬಾರದೆಂದು ಮತದಾರರೆಲ್ಲ ಬೀದಿಯಲ್ಲೇ ಬೆಂಕಿ ಹಾಕಿ, ನೆರೆಹೊರೆಯವರ ಕಣ್ಣೆದುರಿಗೇ ಗಡಿಗೆ ಕುದಿಸಿ, ಒಂದು ತುತ್ತು ತಿಂದು ತೋರಿಸಬೇಕು. ಮೇಯರು ಎರಡೂ ಕಡೆಯ ವಕೀಲರನ್ನು ಕಟ್ಟಿಕೊಂಡು ಬಂದು ಮುಚ್ಚಳ ತೆಗೆದು ನೋಡುತ್ತಾರೆ.

ಹಿಂದಿನ ದಿನ ಲವ್‌ಡೇ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಅಮ್ಮಾ, ನಾಳೆ ನನ್ನ ಗಡಿಗೆಯಲ್ಲಿ ನನ್ನದೇ ಕಡುಬು. ನೀನು ಮುಟ್ಟಕೂಡದು."

"ನಾನ್ಯಾಕೆ ಮುಟ್ಟಲಿ?"

"ಹಿಟ್ಟು ಎಷ್ಟು ಅಂತಾನೂ ಹೇಳಕೂಡದು."

"ಹೇಳಲ್ಲಮ್ಮ. ಕೊಬ್ಬು ಮಾತ್ರ ಸ್ವಲ್ಪ ಜಾಸ್ತಿ..."

"ಅಮ್ಮಾ!"

ತಮ್ಸಿನ್ ಬಾಯಿ ಮುಚ್ಚಿಕೊಂಡಳು. ಆದರೆ ಬೆಳಿಗ್ಗೆ ಬೀದಿಯಲ್ಲಿ ಮಗಳ ಗಡಿಗೆಯೊಳಗೆ ಇಣುಕದೆ ಇರಲಾಗಲಿಲ್ಲ. ಬಟ್ಟೆಯಲ್ಲಿ ಕಟ್ಟಿದ ಆ ಕಡುಬು ಬೂದಿ ಬಣ್ಣಕ್ಕಿತ್ತು. ಗಂಟನ್ನು ಬೂಟಿನ ದಾರದಂತೆ ಹಾಕಿದ್ದಳು. ಇನ್ನೇನು ಬಿಚ್ಚಿ, ಹಿಟ್ಟೆಲ್ಲ ನೀರುಪಾಲಾಗಿ, ಮೇಯರು ಮುಚ್ಚಳ ತೆಗೆದಾಗ ಒಳಗೆ ಅಂಟು ಬಿಟ್ಟರೆ ಬೇರೇನೂ ಇರುವುದಿಲ್ಲ. ಸುಂಕದಕಟ್ಟೆ ಹೋಯಿತು, ಕಿಟಕಿ ಹೋಯಿತು. ಲವ್‌ಡೇ ಟೋಪಿ ಕಟ್ಟಿಕೊಳ್ಳಲು ಒಳಗೆ ಹೋದದ್ದೇ ತಡ, ತಮ್ಸಿನ್ ತನ್ನ ಗಡಿಗೆಯಲ್ಲಿ ಬೇಯುತ್ತಿದ್ದ ಎರಡು ಕಡುಬುಗಳಲ್ಲಿ ಒಂದನ್ನು ಸೌಟಿನಿಂದ ಎತ್ತಿ ಮಗಳ ಗಡಿಗೆಗೆ ಜಾರಿಸಿ ಮುಚ್ಚಳ ಹಾಕಿದಳು. ಕೆಲಸ ಮುಗಿದ ಮೇಲೆಯೇ ಕೈ ಏನು ಮಾಡಿತೆಂದು ಅವಳಿಗೆ ತಿಳಿದದ್ದು.

ಅಷ್ಟರಲ್ಲಿ ಮೇಯರ್ ಸೈಲಸ್ ಹಾಬ್ಲಿ ಬೀದಿಯ ತುದಿಯಲ್ಲಿ ಕಾಣಿಸಿಕೊಂಡ. ಮಿಕ್ಕ ದಿನ ಊರಿನ ಮಾಂಸದಂಗಡಿಯವನು; ಕೊರಳಿಗೆ ಸರಪಳಿ ಬಿದ್ದ ದಿನ ಮೇಯರ್ ಸಾಹೇಬರು. ಒಂದೊಂದೇ ಮುಚ್ಚಳ ತೆಗೆಯುತ್ತ ಬಂದ. ಮೂರನೆಯ ಮನೆಯ ಗಡಿಗೆಯೆದುರು ನಿಂತು ಒಳಗಿನ ಹಂದಿಮಾಂಸದ ತುಂಡನ್ನು ದಿಟ್ಟಿಸಿದ.

"ಈ ತುಂಡನ್ನ ನಾನೇ ಕೊಯ್ದದ್ದು," ಎಂದ. "ಮೊದಲನೇ ಮನೆ ಗಡಿಗೆಯಲ್ಲೂ ಇದೇ ಇತ್ತು."

"ಅಣ್ಣತಮ್ಮಂದಿರಂಗೆ ಕಾಣುತ್ತೆ ಸಾಹೇಬ್ರೆ, ಒಂದೇ ಹಂದಿಯದ್ದಲ್ವಾ," ಎಂದ ಮನೆಯವನು, ಹಿತ್ತಲಿನಿಂದ ಓಡಿಬಂದ ಏದುಸಿರನ್ನು ಅದುಮಿಕೊಂಡು.

ಮೇಯರು ಮುಚ್ಚಳ ಹಾಕಿ ಮುಂದೆ ನಡೆದ. ಆ ತುಂಡು ನೀಲಿಯವರ ಗಡಿಗೆಯನ್ನೂ ಹಳದಿಯವರ ಗಡಿಗೆಯನ್ನೂ ಸಮನಾಗಿ ಸುತ್ತುತ್ತಿದ್ದದ್ದರಿಂದ ವಕೀಲರೂ ತಕರಾರೆತ್ತಲಿಲ್ಲ.

ಏಮಸ್‌ನ ಸರದಿ ಬಂತು. "ನಿನ್ನ ಗಡಿಗೆ ಯಾವುದಪ್ಪಾ?" ಮೇಯರು ಕೇಳಿದ.

ಏಮಸ್ ಎದುರಿಗಿದ್ದ ಗಡಿಗೆಗಳನ್ನೆಲ್ಲ ನೋಡಿದ. ಗಡ್ಡ ಕೆರೆದ. ಕೊನೆಗೆ ಹೆಂಡತಿಯ ಮುಖ ನೋಡಿದ.

"ನೀವು ನಿಂತಿರೋದು ಅದರ ಪಕ್ಕದಲ್ಲೇ ಕಣ್ರೀ," ಎಂದಳು ತಮ್ಸಿನ್. "ಪ್ಯಾಂಟು ಸುಡ್ತಾ ಇದೆ."

ಬೀದಿಯೇ ನಕ್ಕಿತು. ಏಮಸ್‌ನ ಗಡಿಗೆಯಲ್ಲಿ ಉಪ್ಪು ಹಾಕಿದ ಮಾಂಸ, ಕೋಸು, ಕೆಂಪು ದಾರದಿಂದ ಎರಡು ಕುಣಿಕೆ ಹಾಕಿ ಕಟ್ಟಿದ ದುಂಡನೆಯ ಕಡುಬು. ಏಮಸ್ ತುತ್ತು ತಿಂದ, ಪಾಸಾದ.

ರೂಬೆನ್‌ನ ಗಡಿಗೆಯ ಮುಚ್ಚಳ ತೆಗೆದರು. ಆವಿ ಮೇಲೆದ್ದಿತು. ಪಕ್ಕದ ಮನೆಯ ಡಾರ್ಕಸ್ ಗೇಚ್ ಎಲ್ಲರಿಗಿಂತ ಮೊದಲು ಕತ್ತು ಚಾಚಿದಳು. ಅದೇ ಸುಂಕದಕಟ್ಟೆಯನ್ನು ಅದೇ ಬಾವಿ, ಅದೇ ಕಿಟಕಿ ಸಮೇತ ಹಳದಿಯವರು ಅವಳ ಗಂಡನಿಗೆ ಕೊಡುವುದಾಗಿ ಹೇಳಿದ್ದರು.

"ಅಯ್ಯೋ, ಎರಡಿದೆ!" ಎಂದಳು ಡಾರ್ಕಸ್. "ಅದರಲ್ಲೊಂದು ತಮ್ಸಿನ್‌ದು! ಕೆಂಪು ದಾರ, ಜೋಡಿ ಕುಣಿಕೆ. ಕ್ರಿಸ್‌ಮಸ್‌ಗೆ ಇಡೀ ಬೀದಿಯವರ ಕಡುಬನ್ನ ಛತ್ರದ ಹಂಡೆಯಲ್ಲಿ ಒಟ್ಟಿಗೇ ಬೇಯಿಸ್ತೀವಲ್ಲ, ನನ್ನ ಗಂಟು ಯಾವುದು ಅವಳದ್ದು ಯಾವುದು ಅಂತ ನಂಗೊತ್ತಿಲ್ವಾ?"

ಹೆಂಗಸರೆಲ್ಲ ಬಗ್ಗಿ ಗಂಟು ನೋಡಿದರು. ಎಲ್ಲರಿಗೂ ಗೊತ್ತಿತ್ತು. ಲವ್‌ಡೇ ಗಡಿಗೆಯೊಳಗೆ ನೋಡಿದಳು, ಆಮೇಲೆ ತಾಯಿಯ ಕಡೆ. ತಮ್ಸಿನ್ ತನ್ನ ಕೈಗಳನ್ನು ಸೊಂಟಕ್ಕೆ ಕಟ್ಟಿದ್ದ ಅಡುಗೆಬಟ್ಟೆಯಲ್ಲಿ ಸುತ್ತಿಕೊಂಡಳು. ಅವು ಬೇರೆ ಯಾರದೋ ಕೈಗಳೆನ್ನುವ ಹಾಗೆ.

ಹಳದಿಯವರ ವಕೀಲ ಪ್ರಿಂಗ್ ಮುಂದೆ ಬಂದ. ಒಣಗಿದ ಮೀನಿನಂಥ ಮನುಷ್ಯ. ಬಾಯಿ ತೆರೆದರೆ ಕಾನೂನು. "ಮೇಯರ್ ಸಾಹೇಬರೇ, ಎರಡು ಸಾಧ್ಯತೆ. ಒಂದು, ಅತ್ತೆ ಅಳಿಯಂದಿರದು ಒಂದೇ ಅಡುಗೆ. ಹಾಗಾದರೆ ಇದು ಒಂದೇ ಮನೆ. ಗಡಿಗೆ ಯಾರದೆಂದು ತೀರ್ಮಾನವಾಗುವವರೆಗೆ ಇಬ್ಬರ ಓಟೂ ಇಲ್ಲ. ಇಲ್ಲವೇ, ಇವರು ಅವನಿಗೆ ಇದನ್ನು ದಾನ ಕೊಟ್ಟಿದ್ದಾರೆ. ದಾನ ತಿಂದವನು ಭಿಕ್ಷುಕ. ಭಿಕ್ಷುಕನಿಗೆ ಓಟಿಲ್ಲ."

ಏಮಸ್ ಬೆಚ್ಚಿಬಿದ್ದ. "ನಂದೂ ಹೋಯ್ತಾ? ನಾನೇನ್ ಮಾಡ್ದೆ?"

"ನೀವೇನೂ ಮಾಡಿಲ್ಲ, ಅದೇ ನಿಮ್ಮ ತಪ್ಪು," ಎಂದಳು ತಮ್ಸಿನ್. ಆಮೇಲೆ ವಕೀಲನ ಕಡೆ ತಿರುಗಿದಳು. ಅವಳಿಗೆ ಭಯವಾಗಿತ್ತು, ಭಯವಾದಾಗ ಅವಳ ಧ್ವನಿ ಏರುತ್ತಿತ್ತು. "ತಾಯಿ ಮಗಳಿಗೆ ಕೊಟ್ಟದ್ದು ಭಿಕ್ಷೆಯೇನ್ರೀ? ಹಾಗಾದ್ರೆ ನಿಮ್ಮಮ್ಮ ನಿಮಗೆ ಕುಡಿಸಿದ ಹಾಲು?"

"ಆಗ ನಾನು ಮತದಾರನಾಗಿರಲಿಲ್ಲ, ತಾಯಿ," ಎಂದ ಪ್ರಿಂಗ್, ಮುಖದ ಒಂದು ಗೆರೆಯೂ ಅಲುಗದಂತೆ.

ಜನ ಹೋ ಎಂದರು. ಮೇಯರು ಸರಪಳಿ ಸರಿಮಾಡಿಕೊಂಡ. ಕಾನೂನಿನ ವಿಷಯ ಬಂದಾಗ ಅವನಿಗೆ ಮೈ ಬೆವರುತ್ತಿತ್ತು. "ತಮ್ಸಿನ್, ನಿಜ ಹೇಳು. ಈ ಕಡುಬು ಒಳಗೆ ಹೇಗೆ ಹೋಯ್ತು?"

ಸುಳ್ಳು ಹೇಳಬಹುದಿತ್ತು. ದಾರ ಸಾಲ ಕೊಟ್ಟಿದ್ದೆ ಅನ್ನಬಹುದಿತ್ತು. ಆದರೆ ಸುತ್ತ ನಿಂತ ಹೆಂಗಸರಿಗೆ ಗಂಟಿನ ವಿಷಯದಲ್ಲಿ ಸುಳ್ಳು ಹೇಳುವುದು, ಕುರುಬನಿಗೆ ಅವನ ಕುರಿಯನ್ನೇ ನಾಯಿ ಅಂದಂತೆ.

"ನಾನೇ ಹಾಕಿದೆ. ಈಗ್ತಾನೆ. ಅವಳ ಗಂಟು ನೋಡೋಕಾಗ್ಲಿಲ್ಲ ಸೈಲಸ್, ನನ್ನ ಕೈ ನಿಲ್ಲಲಿಲ್ಲ," ಎಂದಳು.

"ಅವಳು ಕೇಳಿದ್ಲಾ?"

"ಇಲ್ಲ. ಮುಟ್ಟಬೇಡ ಅಂದಿದ್ಲು."

ಲವ್‌ಡೇಯ ಮುಖ ಬೀಟ್‌ರೂಟಿನಂತಾಗಿತ್ತು. ಅವಳು ಹೊಟ್ಟೆಯನ್ನು ಮುಂದೆಮಾಡಿಕೊಂಡು ಗಡಿಗೆಯ ಹತ್ತಿರ ಬಂದು ಸೌಟನ್ನು ತಾಯಿಯ ಕೈಗೆ ಕೊಟ್ಟಳು.

"ಅಮ್ಮ, ನಿನ್ನ ಕಡುಬು ವಾಪಸ್ ತಗೋ."

"ಲವ್‌ಡೇ, ಮಗಳೇ, ನಿನ್ನದು ಬೆಂದಿದೆಯೋ ಇಲ್ಲವೋ..."

"ತಗೋ ಅಮ್ಮ. ಎಲ್ಲರೂ ನೋಡ್ಲಿ."

ಮಗಳು ಮಗುವಾಗಿದ್ದಾಗ ಎಂಜಲು ಚಮಚವನ್ನು ಕಿತ್ತುಕೊಂಡು ತಾನೇ ತಿನ್ನುತ್ತೇನೆಂದು ಹೀಗೆಯೇ ಹಟ ಹಿಡಿಯುತ್ತಿದ್ದದ್ದು ತಮ್ಸಿನ್‌ಗೆ ನೆನಪಾಯಿತು. ಆಗ ಗಂಜಿಯೆಲ್ಲ ಮೂಗಿಗೆ ಹೋಗುತ್ತಿತ್ತು. ಅವಳು ತನ್ನ ಕಡುಬನ್ನು ಮೇಲೆತ್ತಿದಳು. ದುಂಡನೆಯದು, ಹೊಳೆಯುವಂಥದ್ದು, ತೊಟ್ಟಿಕ್ಕುತ್ತಿತ್ತು. ಊರ ಎದುರಿಗೆ ತಾನು ಕೊಟ್ಟದ್ದನ್ನು ತಾನೇ ವಾಪಸು ಪಡೆದು ನಿಲ್ಲುವುದಕ್ಕಿಂತ ಆ ಬಿಸಿ ನೀರು ಕೈಮೇಲೆ ಬಿದ್ದಿದ್ದರೂ ವಾಸಿ ಅನ್ನಿಸಿತು.

ಗಡಿಗೆಯಲ್ಲಿ ಉಳಿದದ್ದು ಲವ್‌ಡೇಯದು. ಆಶ್ಚರ್ಯವೆಂದರೆ ಗಂಟು ಬಿಚ್ಚಿರಲಿಲ್ಲ. ಬಟ್ಟೆ ಸರಿಸಿ ತಟ್ಟೆಗೆ ಹಾಕಿದಾಗ 'ಠಕ್' ಎಂದಿತು. ಡಾರ್ಕಸ್ ಚಮಚದಿಂದ ಅದನ್ನು ತಟ್ಟಿದಳು. ಮತ್ತೂ 'ಠಕ್' ಎಂದಿತು.

"ಇದನ್ನ ಕಟ್ಟಡಕ್ಕೆ ಬಳಸಬಹುದು," ಎಂದಳು ಡಾರ್ಕಸ್. "ಇಟ್ಟಿಗೆ ಸಿಗ್ತಿಲ್ಲ ಅಂತ ಸುಮ್ನೆ ಅಳ್ತಿದ್ವಿ."

"ಇದು ನಾಟಕ," ಎಂದ ಪ್ರಿಂಗ್. "ಇವನು ದಿನವೂ ಅತ್ತೆಯ ಅಡುಗೆಯನ್ನೇ ತಿನ್ನುವವನು. ಇದು ಇವತ್ತಿನ ಪ್ರದರ್ಶನಕ್ಕೆ ಮಾತ್ರ."

ಅದು ಬಹುಮಟ್ಟಿಗೆ ನಿಜವೇ. ಆಗ ರೂಬೆನ್ ತನ್ನ ಉದ್ದ ಕಾಲುಗಳನ್ನು ಮಡಿಸಿ ಬೀದಿಯ ಕಲ್ಲಿನ ಮೇಲೆ ಕೂತ, ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡ, ಜೇಬಿನಿಂದ ಚಾಕು ತೆಗೆದ. ಚಾಕು ಜಾರಿತು. ಇನ್ನೊಮ್ಮೆ ಒತ್ತಿದ. ಒಂದು ಹೋಳು ಬೇರೆಯಾಯಿತು. ಬಾಯಿಗೆ ಹಾಕಿಕೊಂಡ.

ಇಡೀ ಬೀದಿ ಅವನ ದವಡೆಯನ್ನೇ ನೋಡುತ್ತಿತ್ತು. ಅದು ಎಡಕ್ಕೆ ಹೋಯಿತು, ಬಲಕ್ಕೆ ಬಂತು, ಸ್ವಲ್ಪ ಹೊತ್ತು ನಿಂತು ದಣಿವಾರಿಸಿಕೊಂಡು ಮತ್ತೆ ಹೊರಟಿತು. ಕೊನೆಗೆ ಗಂಟಲ ಗಂಟು ಮೇಲೇರಿ ಇಳಿಯಿತು. ಅವನ ಕಣ್ಣಲ್ಲಿ ನೀರಾಡಿತು.

"ಹೇಗಿದೆ?" ಲವ್‌ಡೇ ಕೇಳಿದಳು. ಆ ಧ್ವನಿಯಲ್ಲಿ ಸುಂಕದಕಟ್ಟೆಯಿರಲಿಲ್ಲ.

"ಹೊಟ್ಟೆ ತುಂಬುತ್ತೆ," ಎಂದ ರೂಬೆನ್. ಎರಡನೆಯ ಹೋಳು ಕೊಯ್ದ.

ಪಕ್ಕದಲ್ಲೇ ತಮ್ಸಿನ್‌ಳ ಸೌಟಿನಲ್ಲಿ ಆ ಇನ್ನೊಂದು ಕಡುಬು ಘಮಘಮಿಸುತ್ತಿತ್ತು. ಅವನು ಅತ್ತ ಕಣ್ಣೂ ಹಾಯಿಸಲಿಲ್ಲ. ಮೂರನೆಯ ಹೋಳು, ನಾಲ್ಕನೆಯದು. ಅವನ ತುಟಿ ಬೆಳ್ಳಗಾಗುತ್ತಿತ್ತು. ಅರ್ಧ ಮುಗಿದಾಗ ಮೇಯರು ತಟ್ಟೆಯ ಮೇಲೆ ಕೈ ಅಡ್ಡ ಇಟ್ಟ.

"ಸಾಕು ಕಣೋ. ಓಟು ಹಾಕೋಕೆ ಜೀವ ಉಳಿಸ್ಕೊ." ಅವನು ವಕೀಲನ ಕಡೆ ತಿರುಗಿದ. "ಪ್ರಿಂಗ್ ಸಾಹೇಬ್ರೆ, ನಾಟಕ ಅಂದ್ರಲ್ಲ. ನೀವೂ ಒಂದು ತುತ್ತು ತಗೊಳ್ಳಿ. ಆಮೇಲೆ ತೀರ್ಪು."

ಪ್ರಿಂಗ್‌ಗೆ ತಪ್ಪಿಸಿಕೊಳ್ಳಲಾಗಲಿಲ್ಲ. ಅಷ್ಟೂ ಜನ ನೋಡುತ್ತಿದ್ದರು. ಒಂದು ಚೂರು ಬಾಯಿಗಿಟ್ಟುಕೊಂಡ. ಅಗಿದ. ನಿಂತ. ಕೆನ್ನೆಯ ಮೇಲೆ ಕೈ ಹೋಯಿತು. ಆ ಒಣ ಮುಖದಲ್ಲಿ ಮೊದಲ ಸಲ ಮನುಷ್ಯಭಾವವೊಂದು ಮೂಡಿತು.

"ಇದನ್ನು," ಎಂದ ಕಷ್ಟಪಟ್ಟು ನುಂಗಿ, "ಯಾರೂ ಯಾರಿಗೂ ದಾನವಾಗಿ ಕೊಡಲಾರರು."

"ಬೇರೆ ಮನೆಯಲ್ಲಿ ಊಟ ಸಿಗೋ ಹಾಗಿದ್ರೆ ಯಾವ ಗಂಡಸೂ ಇದನ್ನ ಅರ್ಧ ತಿನ್ನಲಾರ," ಎಂದ ಮೇಯರು, ಧ್ವನಿ ಏರಿಸಿ. "ಹಾಗಾಗಿ ಇದು ಇವನದ್ದೇ ಒಲೆ, ಇವನದ್ದೇ ಗಡಿಗೆ. ಓಟು ಸಿಂಧು. ಏಮಸ್‌ದೂ ಸಿಂಧು. ಮುಂದಿನ ಮನೆ!" ಎರಡು ಹೆಜ್ಜೆ ಹೋಗಿ ಹಿಂದಿರುಗಿ ಬಂದು, ತಮ್ಸಿನ್‌ಳ ಸೌಟಿನಲ್ಲಿದ್ದ ಕಡುಬನ್ನು ತನ್ನ ಟೋಪಿಯೊಳಕ್ಕೆ ಇಳಿಸಿಕೊಂಡ. "ಇದು ತಪಾಸಣೆಗೆ ಬೇಕು."

ಲವ್‌ಡೇ ಗಂಡನ ಪಕ್ಕದಲ್ಲಿ ಕೂತು ಅಳುತ್ತಲೂ ನಗುತ್ತಲೂ ಇದ್ದಳು. "ನಿಜ ಹೇಳು, ಕೆಟ್ಟದಾಗಿತ್ತಾ?"

"ಕೆಟ್ಟದಾಗಿರಲಿಲ್ಲ," ಎಂದ ರೂಬೆನ್. "ಹಟಮಾರಿ ಕಡುಬು."

ತಮ್ಸಿನ್‌ಗೆ ಆ ಅಳಿಯನ ತಲೆಯನ್ನು ಒಮ್ಮೆ ಸವರಬೇಕು ಎನ್ನಿಸಿತು. ತೊಲೆಗೆ ತಾಗಿ ತಾಗಿ ಬಂದಿದ್ದ ಬುಗುಟುಗಳೆಲ್ಲ ಅಲ್ಲೇ ಕಾಣುತ್ತಿದ್ದವು.

ಓಟಿನ ದಿನ ರೂಬೆನ್‌ಗೆ ನಡೆಯಲಾಗುತ್ತಿರಲಿಲ್ಲ. ಹೊಟ್ಟೆ ಹಿಡಿದುಕೊಂಡೇ ಇದ್ದ. ಏಮಸ್ ಅವನನ್ನು ಕೈಗಾಡಿಯಲ್ಲಿ ಕೂರಿಸಿ ತಳ್ಳಿಕೊಂಡು ಹೋದ. ದಾರಿಯುದ್ದಕ್ಕೂ ಜನ ಟೋಪಿ ತೆಗೆದು ಗೌರವ ತೋರಿಸಿದರು. ಅಷ್ಟು ಗೌರವ ಇಬ್ಬರು ಅಭ್ಯರ್ಥಿಗಳಿಗೂ ಸಿಗಲಿಲ್ಲ. ಸರ್ ಲಯನೆಲ್ ಗೆದ್ದರು. ಪೆಲ್‌ಬರಿಯ ಬಗ್ಗೆ ಪಾರ್ಲಿಮೆಂಟಿನಲ್ಲಿ ಅವರು ಏನು ಮಾತಾಡಿದರೋ ಯಾರಿಗೂ ತಿಳಿಯದು. ಒಮ್ಮೆ, "ಕಿಟಕಿ ಮುಚ್ಚಿ, ಗಾಳಿ ಬರುತ್ತಿದೆ" ಎಂದರಂತೆ. ಆದರೆ ಏಜೆಂಟ್ ಮಾತಿಗೆ ತಪ್ಪಲಿಲ್ಲ. ಕೂಸು ಹುಟ್ಟುವ ಮುಂಚೆಯೇ ಲವ್‌ಡೇಯ ಪರದೆ ಸುಂಕದಕಟ್ಟೆಯ ಕಿಟಕಿ ಸೇರಿತು.

ತಮ್ಸಿನ್‌ಳ ಅಡುಗೆಮನೆ ಖಾಲಿಯಾಯಿತು. ಎಷ್ಟು ಖಾಲಿಯೆಂದರೆ, ಎರಡು ದಿನ ಆನಂದವಾಗಿತ್ತು, ಮೂರನೆಯ ದಿನ ಅವಳು ತೊಲೆಯನ್ನು ನೋಡಿ ಏಮಸ್‌ಗೆ, "ನೀವಾದ್ರೂ ಒಂದ್ಸಲ ತಲೆ ಹೊಡ್ಕೊಳ್ರೀ" ಎಂದಳು.

ಮೂರು ವರ್ಷದ ಮೇಲೆ ಲಂಡನ್ನಿನವರು ಹೊಸ ಕಾನೂನು ತಂದು, ಚಿಕ್ಕಪುಟ್ಟ ಊರುಗಳ ಹೆಸರನ್ನೆಲ್ಲ ಹೊಡೆದುಹಾಕುತ್ತ ಪೆಲ್‌ಬರಿಯದ್ದನ್ನೂ ಹೊಡೆದುಹಾಕಿದರು. ಇನ್ನು ಪೆಲ್‌ಬರಿಗೆ ತನ್ನದೇ ಸದಸ್ಯರಿಲ್ಲ. ಗಂಡಸರು ಛತ್ರದಲ್ಲಿ ಸೇರಿ ತಮ್ಮ ಪ್ರಾಚೀನ ಹಕ್ಕಿಗಾಗಿ ಕಣ್ಣೀರಿಟ್ಟರು; ಪೀಪಾಯಿಯ ದುಃಖ ಎಂದು ಹೆಂಗಸರು ಅಂದರು. ಮಾರನೆಯ ದಿನವೂ ಎಲ್ಲ ಮನೆಗಳಲ್ಲಿ ಗಡಿಗೆ ಕುದಿಯಿತು. ಏಮಸ್‌ಗೆ ಮಾತ್ರ ಅದು ವಿಚಿತ್ರವಾಗಿ ಕಂಡಿತು. "ಇನ್ನೂ ಯಾಕೆ ಕುದಿಸ್ತಿದ್ದೀಯೇ?" ಎಂದ.

ಆ ಭಾನುವಾರ ತಮ್ಸಿನ್ ಎಂದಿನಂತೆ ಸುಂಕದಕಟ್ಟೆಗೆ ಹೋದಳು. ಗೇಟು ಗಾಳಿಗೆ ಬಡಿದುಕೊಳ್ಳದಂತೆ ಒಂದು ಬೂದು ಬಣ್ಣದ ಅರ್ಧಗೋಲವನ್ನು ಒತ್ತುಗೊಟ್ಟಿದ್ದರು. ಮೂರು ವರ್ಷದ ಮಳೆಗೂ ಅದು ಕರಗಿರಲಿಲ್ಲ, ಇಲಿಗಳೂ ಮುಟ್ಟಿರಲಿಲ್ಲ. ಡಾರ್ಕಸ್ ಗೇಚ್ ಸಂತೆಗೆ ಹೋಗುವಾಗಲೆಲ್ಲ ಅದನ್ನೊಮ್ಮೆ ಒದ್ದು, ಕಾಲ್ಬೆರಳು ನೋಯಿಸಿಕೊಂಡು, ರೂಬೆನ್‌ಗೆ ಸುಂಕ ಕೊಟ್ಟು ಮುಂದೆ ಹೋಗುತ್ತಿದ್ದಳು.

ಒಳಗೆ ಲವ್‌ಡೇಯ ಗಡಿಗೆ ಕುದಿಯುತ್ತಿತ್ತು. ಮುಚ್ಚಳ ಕುಣಿಯುತ್ತಿತ್ತು. ಮೊಮ್ಮಗಳು ನೆಲದ ಮೇಲೆ ಕೂತು ಹಿಟ್ಟಿನ ಉಂಡೆಯೊಂದನ್ನು ಚಿಂದಿಯಲ್ಲಿ ಕಟ್ಟುತ್ತಿದ್ದಳು. ಗಂಟು ನಿಲ್ಲುತ್ತಿರಲಿಲ್ಲ. ಉರಿ ಹೆಚ್ಚಾಗಿದೆ, ತಳ ಹಿಡಿಯುತ್ತದೆ ಎಂದು ತಮ್ಸಿನ್‌ಗೆ ಬಾಗಿಲಿನಿಂದಲೇ ಗೊತ್ತಾಯಿತು. ಅವಳು ಒಲೆಯ ಕಡೆ ಹೆಜ್ಜೆ ಹಾಕಿದಳು.

"ಅಮ್ಮಾ," ಎಂದಳು ಲವ್‌ಡೇ, ಹಿಂದಿರುಗಿ ನೋಡದೆ.

ತಮ್ಸಿನ್ ಕುಳಿತಳು. ತೊಡೆಯ ಕೆಳಗೆ ಎರಡೂ ಕೈಗಳನ್ನು ಸೇರಿಸಿಕೊಂಡಳು. ಕಡುಬು ಬಂತು. ತಳ ಹಿಡಿದಿತ್ತು. ರೂಬೆನ್ ಎರಡು ಸಲ ಹಾಕಿಸಿಕೊಂಡ, ಮೊಮ್ಮಗಳು ಮೂರು ಸಲ.

"ಉಪ್ಪು ಸರಿಯಾಗಿದೆಯಾ ಅಮ್ಮ?"

ಉಪ್ಪು ಇರಲೇ ಇಲ್ಲ. "ಇನ್ನೊಂದು ಹೋಳು ಹಾಕು," ಎಂದಳು ತಮ್ಸಿನ್, ತಟ್ಟೆ ಮುಂದೆ ಚಾಚಿ.